ಆಳಿಗೆ ಅಂಟಿದ ಹಕಾರ

ಕವಿತಳ ಬಾಯಲ್ಲಿ ಹಕಾರವೇ ಇಲ್ಲ ಎಂಬುದನ್ನು ಮೊದಲು ಪತ್ತೆ ಹಚ್ಚಿದವನು ದಾವಣಗೆರೆ ಕಡೆಯ ಯಾವನೋ ಒಬ್ಬ ಪುಣ್ಯಾತ್ಮ. ಅವಳ ಲೆಕ್ಕದ ವಿಡಿಯೊ ಕೆಳಗೆ ಅವನು ಬರೆದಿದ್ದ: ‘ಪಾಠ ಚೆನ್ನಾಗಿದೆ ಮೇಡಂ, ಆದರೆ ನಿಮ್ಮ ಹ ಎಲ್ಲಿ ಬಿದ್ದುಹೋಯಿತು? ಎಂಟು, ಒಂಬತ್ತು ಆದಮೇಲೆ ಯಾಕೆ ಅತ್ತುಬಿಡುತ್ತೀರಿ?’ ಕವಿತ ಅದನ್ನು ಓದಿ, ತಲೆಬುಡ ತಿಳಿಯದೆ, ತನ್ನ ವಿಡಿಯೊವನ್ನು ತಾನೇ ಹಾಕಿಕೊಂಡು ಕೇಳಿದಳು. ‘ಎಂಟು, ಒಂಬತ್ತು, ಅತ್ತು’ ಎಂದು ಅವಳೇ ಹೇಳುತ್ತಿದ್ದಳು. ಹುಟ್ಟಿದಾಗಿನಿಂದ ತಾನು ಹತ್ತು ಎನ್ನುತ್ತಿದ್ದೇನೆ ಎಂದೇ ನಂಬಿಕೊಂಡಿದ್ದವಳು ಆ ಹುಡುಗಿ. ಅವತ್ತಿನಿಂದ ಅವಳಿಗೆ ನೆಮ್ಮದಿ ಇಲ್ಲ.

ತಿಗನಾರೆಯಲ್ಲಿ ಯಾರಿಗೂ ಹಕಾರವಿಲ್ಲ. ಹೊಲಕ್ಕೆ ಒಲ ಎನ್ನುತ್ತಾರೆ, ಹಾಲಿಗೆ ಆಲು ಎನ್ನುತ್ತಾರೆ. ಅದರಿಂದ ಹೊಲದಲ್ಲಿ ರಾಗಿ ಬೆಳೆಯುವುದೂ ನಿಂತಿಲ್ಲ, ಹಾಲು ಉಕ್ಕುವುದೂ ನಿಂತಿಲ್ಲ. ತಮಿಳುನಾಡಿಗೆ ಸೇರಿದ ಈ ತಾಳವಾಡಿ ಬೆಟ್ಟದ ಮೇಲಿನವರ ಮಾತನ್ನು ತಮಿಳಿನವರು ‘ಕನ್ನಡ’ ಎಂದು ಒಪ್ಪಿ ಸುಮ್ಮನಾಗುತ್ತಾರೆ. ಒಪ್ಪದವರು ಕನ್ನಡದವರೇ.

ಕವಿತ ಕೂಲಿಯವರ ಮನೆಯ ಹುಡುಗಿ. ಅಪ್ಪ ದೊಡ್ಡಮಾದ ಊರವರ ದನ ಮೇಯಿಸುತ್ತಾನೆ. ಅವ್ವ ಸಣ್ಣಮ್ಮ ಕೂಲಿ ಹೆಂಗಸರ ಒಂದು ಗುಂಪಿಗೆ ಮುಂದಾಳು. ಹತ್ತಿರದ ಗೆಟ್ಟವಾಡಿಯಲ್ಲಿ ಯಾರ ಬೆಳ್ಳುಳ್ಳಿ ಕೀಳಬೇಕು, ಯಾರ ಕೋಸು ಕಡಿಯಬೇಕು ಎಂದು ಹೊಲದವರ ಫೋನು ಬರುವುದು ಅವಳಿಗೆ. ಗುಂಪನ್ನು ಕೂಡಿಸಿ ಗಾಡಿ ಹತ್ತಿಸಿ ಕರೆದುಕೊಂಡು ಹೋಗುವುದು ಅವಳ ಹೊಣೆ. ಆ ಬೆಳ್ಳುಳ್ಳಿ, ಆ ಕೋಸಿನ ದುಡಿಮೆಯಲ್ಲೇ ಕವಿತ ಗಣಿತ ಓದಿದಳು, ಬಿ.ಎಡ್. ಮುಗಿಸಿದಳು. ಓದಿದ್ದೇನೋ ಆಯಿತು, ಮೇಷ್ಟರ ಕೆಲಸ ಎಲ್ಲಿದೆ? ಈ ಕಡೆ ಕನ್ನಡ ಶಾಲೆಗೆ ಹುದ್ದೆ ಕರೆಯುವುದು ಅಪರೂಪ. ಆ ಕಡೆ ಕರ್ನಾಟಕದವರ ಲೆಕ್ಕದಲ್ಲಿ ಅವಳು ಹೊರರಾಜ್ಯದವಳು. ‘ಕಲೆಕ್ಟ್ರಿಗೆ ಒಂದ್ ಮನು ಕೊಡಮ್ಮಿ’ ಎಂದು ಸಣ್ಣಮ್ಮ ಆಗಾಗ ಹೇಳುತ್ತಾಳೆ. ಅರ್ಜಿಗೆ ತಮಿಳಿನವರು ಮನು ಎನ್ನುತ್ತಾರೆ. ಮನು ಎಂದರೂ ಅರ್ಜಿ ಎಂದರೂ ಅದು ಹೋಗಿ ಬೀಳುವುದು ಒಂದೇ ಕಪಾಟಿಗೆ ಎಂಬುದು ಕವಿತಳಿಗೆ ಗೊತ್ತಿತ್ತು.

ಹಾಗಾಗಿ ತಾಳವಾಡಿಯಲ್ಲಿ ಟ್ಯೂಷನ್ ಹೇಳುತ್ತಾ, ಬಸ್ಸು ತಪ್ಪಿ ಬರಲಾಗದ ಮಕ್ಕಳಿಗೆಂದು ಪಾಠವನ್ನು ಫೋನಿನಲ್ಲಿ ಹಿಡಿದು ಹಾಕತೊಡಗಿದಳು. ‘ನಮ್ಮೂರ ಲೆಕ್ಕ’ ಎಂದು ಹೆಸರಿಟ್ಟಳು. ತಮಿಳಿನಿಂದ ಕನ್ನಡಕ್ಕೆ ಇಳಿದ ಪಠ್ಯಪುಸ್ತಕದಲ್ಲಿ ಎರಡು ರೈಲುಗಳು ಎದುರುಬದುರು ಬರುತ್ತವೆ. ರೈಲನ್ನೇ ಕಾಣದ ಮಕ್ಕಳಿಗೆ ಅದು ಯಾವ ಜನ್ಮಕ್ಕೆ ತಲೆಗೆ ಹತ್ತೀತು? ಕವಿತ ರೈಲನ್ನು ಆಚೆಗಿಟ್ಟು, ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತುವ ಬಸ್ಸನ್ನೂ ಮೇಲಿಂದ ಇಳಿಯುವ ಕೋಸಿನ ಲಾರಿಯನ್ನೂ ಬಿಟ್ಟಳು. ಯಾವ ತಿರುವಿನಲ್ಲಿ ಎರಡೂ ಎದುರಾಗುತ್ತವೆ ಹೇಳಿ ಎಂದಳು. ಘಾಟಿಯಲ್ಲಿ ವಾಂತಿ ಮಾಡಿಕೊಂಡ ಮಕ್ಕಳೆಲ್ಲ ಲೆಕ್ಕ ಮಾಡಿದರು. ಅವಳಿಗೊಂದು ವರವಿತ್ತು. ತಿಳಿಯದವರ ಮುಖ ನೋಡಿದರೆ ತೊಡಕು ಎಲ್ಲಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಅದನ್ನು ಬಿಡಿಸಿ ಅರ್ಥ ಮಾಡಿಸುವ ತನಕ ಅವಳು ಬಿಡುತ್ತಿರಲಿಲ್ಲ. ಆ ವರ ಅವಳಿಗೆ ಎಷ್ಟು ದುಬಾರಿಯಾಯಿತು ಎಂಬುದೇ ಈ ಕಥೆ.

ವಿಡಿಯೊ ಬೆಟ್ಟ ಇಳಿಯಿತು. ಮೈಸೂರು, ಹಾಸನ, ದಾವಣಗೆರೆ ಎಂದು ಎಲ್ಲೆಲ್ಲಿಯ ಮಕ್ಕಳೋ ನೋಡತೊಡಗಿದರು. ಅಷ್ಟರಲ್ಲೇ ಬೆಂಗಳೂರಿನಿಂದ ‘ಕಲಿಗಿಣಿ’ ಎಂಬ ಆನ್‌ಲೈನ್ ಪಾಠದ ಕಂಪನಿಯ ಮೇಘ ಎಂಬ ಹುಡುಗಿ ಫೋನು ಮಾಡಿದಳು. ದನಿ ಸಕ್ಕರೆ ಪಾಕ.

“ಮ್ಯಾಮ್, ನಿಮ್ ಕಂಟೆಂಟ್ ಸೂಪರ್. ಇಡೀ ಟೆಂತ್ ಮ್ಯಾಥ್ಸ್ ನಿಮಗೇ ಕೊಡೋಣ ಅಂತಿದೀವಿ. ನೀವು ನಿಮ್ಮೂರಲ್ಲೇ ಇರಿ, ಅಲ್ಲಿಂದಲೇ ಮಾಡಿ. ಒಂದೇ ಒಂದು ವಿಷಯ. ಉಚ್ಚಾರಣೆ ಸ್ವಲ್ಪ ಸರಿ ಮಾಡ್ಕೊಬೇಕು. ಆ ಹ ಇದೆಯಲ್ಲ, ಅದು. ಒಂದು ಲೈವ್ ಟ್ರಯಲ್ ಕ್ಲಾಸ್ ಮಾಡಿ ತೋರಿಸಿ, ಆಮೇಲೆ ಅಗ್ರಿಮೆಂಟ್.”

ಕವಿತಳಿಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಫೋನಿಟ್ಟ ಮೇಲೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಂಗಳದಿಂದ ರಸ್ತೆಗೆ, ರಸ್ತೆಯಿಂದ ಅಂಗಳಕ್ಕೆ ನಡೆದಳು. ತನ್ನ ಹೆಸರಿನ ಪಕ್ಕದಲ್ಲಿ ‘ಗಣಿತ ಶಿಕ್ಷಕಿ’ ಎಂದು ಯಾರಾದರೂ ಬರೆಯಬೇಕು; ಅವ್ವ ಬೆಳ್ಳುಳ್ಳಿ ಕಿತ್ತದ್ದಕ್ಕೆ ಏನಾದರೂ ಅರ್ಥ ಬರಬೇಕು. ನಡುವೆ ನಿಂತಿದ್ದು ಒಂದೇ ಒಂದು ಅಕ್ಷರ.

ಸರಿ, ಅಭ್ಯಾಸ ಶುರುವಾಯಿತು. ಹೊಲ, ಹಳ್ಳಿ, ಹಾವು, ಹುಣಿಸೆ. ನೀರು ಸೇದುವಾಗ ಹ, ಬಟ್ಟೆ ಒಗೆಯುವಾಗ ಹ. ಸಣ್ಣಮ್ಮ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು, ಆಮೇಲೆ ಗದರಿಸಿದಳು.

“ಯಾಕಮ್ಮಿ, ಬಿಸ್ಲಲ್ಲಿ ಓಡ್ಬಂದ ನಾಯಂಗೆ ತೇಕ್ತ ಕುಂತಿದ್ದಯ್? ಉಸಾರಿಲ್ವ?”

“ಹುಷಾರಾಗೇ ಇದ್ದೀನಿ ಅವ್ವ,” ಎಂದಳು ಕವಿತ, ಹಕಾರವನ್ನು ಎದೆಯಿಂದ ಎಳೆದು ತಂದು.

ನಾಲಿಗೆಗೆ ಒಂದು ಕೆಟ್ಟ ಚಾಳಿಯಿದೆ. ಹೊಸದಾಗಿ ಕಲಿತದ್ದನ್ನು ಎಲ್ಲಿ ನಿಲ್ಲಿಸಬೇಕು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಯಾವ ಮಾತಿಗೆ ಹ ಇದೆ, ಯಾವುದಕ್ಕೆ ಇಲ್ಲ ಎಂದು ಕವಿತ ಬರೆಯುವಾಗ ತಪ್ಪುತ್ತಿರಲಿಲ್ಲ. ಮಾತಾಡುವಾಗ ಮಾತ್ರ ಅಷ್ಟು ಹೊತ್ತು ಯಾರು ಕಾಯುತ್ತಾರೆ? ರೇಷನ್ ಅಂಗಡಿಯಲ್ಲಿ ‘ಹಕ್ಕಿ ಬಂತಾ ಅಣ್ಣ?’ ಎಂದು ಕೇಳಿಬಿಟ್ಟಳು. ಅಂಗಡಿಯವನು ಸೂರಿನ ಕಡೆ ಕಣ್ಣು ಹಾಯಿಸಿ, ‘ಯಾವ ಅಕ್ಕೀಮ್ಮಿ? ಗುಬ್ಬೀನೋ ಕಾಗೇನೋ?’ ಎಂದ. ಸಾಲಿನಲ್ಲಿದ್ದವರು ನಕ್ಕರು. ಕವಿತಳೂ ನಕ್ಕಳು. ನಗದೆ ಅಲ್ಲೇ ಭಯಪಟ್ಟಿದ್ದರೆ ಒಳ್ಳೆಯದಿತ್ತು.

ಟ್ರಯಲ್ ಪಾಠಕ್ಕೆ ಗೆಟ್ಟವಾಡಿಗೆ ಹೋಗಬೇಕಾಯಿತು. ತಿಗನಾರೆಯಲ್ಲಿ ಸಿಗ್ನಲ್ಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಗೆಟ್ಟವಾಡಿ ಗಡಿಗೆ ಹತ್ತಿರ, ಅಲ್ಲಿ ಕರ್ನಾಟಕದ ಟವರು ಚೆನ್ನಾಗಿ ಹಿಡಿಯುತ್ತದೆ. ಕವಿತಳ ಜೊತೆ ಶಾಲೆಯಲ್ಲಿ ಓದಿದ ಪದ್ಮಶ್ರೀ ಆ ಊರಿನ ಹೊಲಮನೆಯುಳ್ಳ ಪುಟ್ಟಬಸಪ್ಪನವರ ಸೊಸೆ. ‘ನಮ್ ಮಾಳ್ಗೆ ಮ್ಯಾಲ್ ಬಾರೇ, ಅಲ್ ಪೋನು ಚೆನ್ನಾಗ್ ಇಡೀತದ’ ಎಂದಳು. ಮಾಳಿಗೆಯ ಮೆಟ್ಟಿಲು ಮನೆಯ ಹೊರಗಡೆಯಿಂದಲೇ ಇತ್ತು. ಹೀಗಾಗಿ ಯಾರು ಒಳಗೆ ಬರಬಹುದು, ಯಾರು ಬರಬಾರದು ಎಂಬ ಮಾತು ಏಳಲಿಲ್ಲ, ಎಲ್ಲರಿಗೂ ಅನುಕೂಲವಾಯಿತು. ಪುಟ್ಟಬಸಪ್ಪನವರು ಕೆಳಗೆ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಸಣ್ಣಮ್ಮನ ಗುಂಪು ವರ್ಷದಲ್ಲಿ ಅರ್ಧ ಭಾಗ ದುಡಿಯುವುದು ಇವರ ಹೊಲದಲ್ಲೇ. ‘ಸಣ್ಣಿ ಮಗಳು ಬೆಂಗ್ಳೂರ್ಗೆ ಪಾಠ ಏಳ್ತಳಂತ, ಕೇಳ್ಮ’ ಎಂದು ಅವರು ಕಿವಿಯನ್ನು ಮೇಲಕ್ಕೆ ಕೊಟ್ಟರು.

ಕವಿತ ಹಲಗೆ ಒರಗಿಸಿದಳು, ಫೋನು ನಿಲ್ಲಿಸಿದಳು. ಕೆಲಸ ಮತ್ತು ಕಾಲದ ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಮನೆಯಲ್ಲಿ ದಿನಾ ನಡೆಯುವುದೇ ಅದು. ‘ಹ’ ಚೆನ್ನಾಗಿ ಬರುತ್ತಿತ್ತು. ‘ಹನ್ನೆರಡು’ ಎಂದಾಗ ಸ್ಪಷ್ಟವಾಗಿ ಬಂತು, ‘ಹೊಲ’ ಎಂದಾಗ ಇನ್ನೂ ಸ್ಪಷ್ಟವಾಗಿ ಬಂತು. ಅಲ್ಲಿಗೆ ನಾಲಿಗೆಗೆ ಹುಮ್ಮಸ್ಸು ಏರಿತು.

“ಮಕ್ಕಳೇ, ಹನ್ನೆರಡು ಹಾಳುಗಳು ಒಂದು ಹೊಲದ ಬೆಳ್ಳುಳ್ಳಿಯನ್ನು ಹಾರು ದಿನದಲ್ಲಿ ಕೀಳುತ್ತಾರೆ. ಅದೇ ಹೊಲಕ್ಕೆ ಎಂಟು ಹಾಳುಗಳು ಮಾತ್ರ ಬಂದರೆ ಎಷ್ಟು ದಿನ ಬೇಕು? ಯೋಚನೆ ಮಾಡಿ. ಹಾಳುಗಳು ಕಡಿಮೆಯಾದರೆ ದಿನ ಜಾಸ್ತಿಯಾಗುತ್ತೋ, ಕಡಿಮೆಯಾಗುತ್ತೋ?”

ಪರದೆಯ ಮೇಲೆ ನಗುವ ಮುಖಗಳು ಒಂದರ ಹಿಂದೆ ಒಂದು ಉಕ್ಕಿ ಬಂದವು. ಪಾಠ ಮಕ್ಕಳಿಗೆ ಹಿಡಿಸಿದೆ ಎಂದು ಕವಿತ ಹಿಗ್ಗಿದಳು. ಆ ಹಿಗ್ಗಿನಲ್ಲಿ ಇನ್ನೂ ನಾಲ್ಕು ಸಲ ಹಾಳು ಎಂದಳು. ಒಂಬತ್ತು ದಿನ ಎಂದು ಉತ್ತರ ಬರೆದು ಅಡಿಗೆರೆ ಎಳೆದಳು. ಉತ್ತರ ಮಾತ್ರ ಸರಿಯಾಗಿತ್ತು.

ಆಳಿಗೆ ಒಂದು ಹಕಾರ ಅಂಟಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಾಗಿದ್ದು ಮಾರನೆಯ ದಿನ. ಆ ತುಣುಕನ್ನು ಯಾರೋ ಕತ್ತರಿಸಿ, ತಮಟೆ ಸದ್ದು ಸೇರಿಸಿ ಬಿಟ್ಟಿದ್ದರು. ಯಾವುದೋ ಊರಿನ ಹಾಸ್ಟೆಲಿನ ಹುಡುಗರು ಸಾಲಾಗಿ ನಿಂತು ‘ಹನ್ನೆರಡು ಹಾಳುಗಳು!’ ಎಂದು ಕೂಗುತ್ತಾ ಒಬ್ಬೊಬ್ಬರಾಗಿ ನೆಲಕ್ಕೆ ಬೀಳುತ್ತಿದ್ದರು. ‘ನಮ್ಮ ಬೆಂಚಿನ ಹಾಳು ಯಾರು?’ ಎಂದು ಸ್ನೇಹಿತರ ಹೆಸರು ಹಾಕುತ್ತಿದ್ದರು. ಕವಿತ ಕಣ್ಣು ಮುಚ್ಚಿಕೊಂಡು ಕೇಳಿದಳು. ಅವಳದೇ ದನಿ. ಫೋನನ್ನು ರಾಗಿಯ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಒಂದು ಗಳಿಗೆಗೆ ಮತ್ತೆ ತೆಗೆದು ನೋಡಿದಳು. ನಾಚಿಕೆಯಿಂದ ಸಾಯುವ ಹಾಗಿದ್ದರೂ ನೋಡದೆ ಇರಲಾಗುತ್ತಿರಲಿಲ್ಲ.

ಕಲಿಗಿಣಿಯವರು ಇನ್ನು ತನ್ನನ್ನು ಕೈಬಿಟ್ಟರು ಎಂದುಕೊಂಡಳು. ಕಲಿಗಿಣಿಯವರ ಬುದ್ಧಿ ಬೇರೆಯೇ ದಿಕ್ಕಿನಲ್ಲಿ ಓಡುತ್ತಿತ್ತು.

“ಮ್ಯಾಮ್, ಕಂಗ್ರಾಟ್ಸ್!” ಎಂದಳು ಮೇಘ. “ನಿಮ್ ಕ್ಲಿಪ್ ಎಲ್ಲಾ ಕಡೆ ಓಡ್ತಿದೆ. ಉಚ್ಚಾರಣೆ ಬದಲಾಯಿಸಿ ಅಂದಿದ್ನಲ್ಲ, ಅದನ್ನ ಮರೆತುಬಿಡಿ. ಹೀಗೇ ಮಾತಾಡಿ. ‘ಹಾಳು ಮೇಡಂ’ ಅಂತ ಸೀರೀಸ್ ಮಾಡೋಣ. ಪ್ರತಿ ಪಾಠದಲ್ಲೂ ಒಂದೆರಡು ಕಡೆ ಹ ಆ ಕಡೆ ಈ ಕಡೆ ಹಾಕಿ, ಸಾಕು. ಇಡೀ ವರ್ಷದ ಅಗ್ರಿಮೆಂಟ್ ರೆಡಿ ಇದೆ.”

“ಬೇಕಂತ್ಲೇ ತಪ್ಪು ಮಾಡ್ಬೇಕಾ?” ಎಂದಳು ಕವಿತ.

“ತಪ್ಪು ಅಂತ ಯಾಕಂದ್ಕೊತೀರಾ ಮ್ಯಾಮ್? ಸ್ಟೈಲ್ ಅನ್ಕೊಳ್ಳಿ. ಮಕ್ಕಳು ನಗ್ತಾ ಲೆಕ್ಕ ಕಲೀತಾರೆ. ನಾಡಿದ್ದು ಬೆಳಿಗ್ಗೆ ಫೋನ್ ಮಾಡ್ತೀನಿ, ಫೈನಲ್ ಹೇಳಿಬಿಡಿ.”

ಆಸೆಯೆಂಬುದು ಇಂಥ ಹೊತ್ತಿನಲ್ಲಿ ಒಳ್ಳೆಯ ವಕೀಲನ ಕೆಲಸ ಮಾಡುತ್ತದೆ. ಮಕ್ಕಳು ಕಲಿಯುತ್ತಾರಲ್ಲ, ನಗಲಿ ಬಿಡು, ಯಾರಿಗೆ ನಷ್ಟ, ಎಂದು ಕವಿತ ತನಗೆ ತಾನೇ ವಾದಿಸಿಕೊಂಡಳು. ಸಂಜೆಯಷ್ಟರಲ್ಲಿ ಮುಕ್ಕಾಲು ಪಾಲು ಒಪ್ಪಿಯೂ ಆಗಿತ್ತು.

ಆಗ ಸಣ್ಣಮ್ಮ ಕೆಲಸದಿಂದ ಬಂದಳು. ಬುತ್ತಿಯ ಡಬ್ಬಿಯನ್ನು ಕುಕ್ಕಿದ ಸದ್ದಿಗೇ ಏನೋ ಆಗಿದೆ ಎಂದು ತಿಳಿಯಿತು.

“ನೀ ಪೋನಲ್ಲಿ ನಮ್ಮನ್ನ ಏನಂತ ಅಂದಮ್ಮಿ?” ಎಂದಳು.

“ಯಾಕವ್ವ?”

“ಬೆಳಗ್ಗೆ ಒಲ್ದತ್ರ ಓದ್ರೆ ಪುಟ್ಬಸಪ್ಪೋರು ಬದಿನ್ ಮೇಲ್ ನಿಂತ್ಕಂಡು ‘ಬನ್ರಮ್ಮಿ ಆಳುಗಳಾ, ಬನ್ನಿ’ ಅಂತ ನಗ್ತವ್ರೆ. ಆ ಮಾತ್ನ ಉಸ್ರು ಕಟ್ಟಿ ಬುಡ್ತವ್ರೆ. ‘ನಾ ಅಂದಿದ್ದಲ್ಲ, ನಿನ್ ಮಗಳೇ ಏಳವ್ಳೆ’ ಅಂತಾರೆ. ಅವ್ರ ಮಗ ನಗ್ತನೆ, ಗಾಡಿ ಡ್ರೈವರು ನಗ್ತನೆ. ಏನಂತ ನಮಗ ಗೊತ್ತಾಗ್ಲಿಲ್ಲ. ಗುಂಪ್ನಲ್ಲಿ ಬೊಮ್ಮಮ್ಮ ಮೊಕ ತಿರುಗುಸ್ಕಂಡ್ಳು. ನಿನ್ ಮಗಳು ನಮ್ಮನ್ನ ಆಡ್ಕಂಡು ಎಸ್ರು ಮಾಡ್ಕತ್ತವ್ಳೆ ಅಂದ್ಬುಟ್ಟು, ಇನ್ಮೇಲ ನಿನ್ ಜೊತ ಬರಕಿಲ್ಲ ಅಂದ್ಳು. ವೆಂಕಟಮ್ಮನೂ ಅಂಗೇ ಅಂದ್ಳು.”

ಹುಟ್ಟಿದಾಗಿನಿಂದ ಒಂದು ಹಕಾರವನ್ನೂ ಉಚ್ಚರಿಸದ ಪುಟ್ಟಬಸಪ್ಪನವರು, ಈ ಒಂದು ಮಾತಿಗಾಗಿ ಕಷ್ಟಪಟ್ಟು ಅದನ್ನು ಕಲಿತಿದ್ದರು. ಕವಿತಳಿಗೆ ಮೈ ಉರಿಯಿತು. ಪದ್ಮಶ್ರೀಗೆ ಫೋನು ಮಾಡಿದಳು. ‘ಮಾವಯ್ಯ ತಮಾಸೆಗೆ ಅಂದ್ರು ಕಣೇ. ಕೆಟ್ಟೋರಲ್ಲ ಅವ್ರು, ನಿಂಗೇ ಗೊತ್ತಲ್ಲ’ ಎಂದಳು ಪದ್ಮಶ್ರೀ. ಅದೂ ಸುಳ್ಳಲ್ಲ. ಹಬ್ಬಕ್ಕೆ ಸೀರೆ ಕೊಡುವವರು, ಹುಷಾರಿಲ್ಲದವರನ್ನು ತಮ್ಮ ಗಾಡಿಯಲ್ಲೇ ಚಾಮರಾಜನಗರದ ಆಸ್ಪತ್ರೆಗೆ ಕಳಿಸುವವರು. ಅದಕ್ಕೇ ಅವರ ಮೇಲೆ ಸಿಟ್ಟನ್ನು ಎಲ್ಲಿ ಇಡುವುದು ಎಂದೂ ತಿಳಿಯದೆ ಕವಿತ ಮತ್ತೆ ಅಂಗಳ ರಸ್ತೆ ಎಂದು ತಿರುಗಿದಳು.

ಮಾರನೆಯ ದಿನ ಸೋಮವಾರ. ಶಿವನ ವಾರವೆಂದು ಗೆಟ್ಟವಾಡಿಯ ಹೊಲಗಳಲ್ಲಿ ಆವತ್ತು ಕೆಲಸವಿಲ್ಲ. ಬೊಮ್ಮಮ್ಮನ ಮನೆಯ ಮುಂದಿನ ಹೊಂಗೆಯ ನೆರಳಿನಲ್ಲಿ ಗುಂಪಿನ ಹೆಂಗಸರು ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕವಿತ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ತಪ್ಪೊಪ್ಪಿಕೊಂಡು ಬಂದುಬಿಡೋಣ ಎಂದಷ್ಟೇ ಇತ್ತು ಮನಸ್ಸಿನಲ್ಲಿ.

“ದೊಡ್ಡವ್ವ, ನಾನು ನಿಮ್ಮನ್ನ ಆಡ್ಕಳ್ಲಿಲ್ಲ. ಆಳು ಅನ್ನಕ್ಕೆ ಓಗಿ ಹಾಳು ಅಂದ್ಬುಟ್ಟೆ. ಬಾಯ್ತಪ್ಪು,” ಎಂದಳು ಬೊಮ್ಮಮ್ಮನಿಗೆ.

ಬೊಮ್ಮಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸದೆ, “ಆಳು ಅನ್ನಕ್ಕೆ ಓಗಿ ಆಳು ಅಂದಾ? ಅದ್ರಲ್ಲೇನಮ್ಮಿ ತಪ್ಪು?” ಎಂದಳು.

“ಆಳು ಅಲ್ಲ ದೊಡ್ಡವ್ವ, ಹಾಳು.”

“ಅದೇ ಕಣ ನಾನೂ ಅಂದದ್ದು, ಆಳು.”

ವೆಂಕಟಮ್ಮನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಯಾರಿಗೂ ತಿಳಿದಿರಲಿಲ್ಲ. ದುಡಿಯುವ ಆಳೂ ಹಾಳಾಗಿ ಹೋಗುವ ಹಾಳೂ ಅವರ ಬಾಯಲ್ಲಿ ಒಂದೇ ಆಗಿತ್ತು, ಅವರ ಕಿವಿಗೂ ಒಂದೇ ಆಗಿತ್ತು. ಪುಟ್ಟಬಸಪ್ಪನವರ ನಗು ಅವರಿಗೆ ನೋವು ತಂದಿತ್ತೇ ಹೊರತು ಮಾತು ತಾಗಿರಲಿಲ್ಲ. ಇಲ್ಲಿಗೆ ‘ಏನೋ ಬಿಡಿ, ತಪ್ಪಾಯ್ತು’ ಎಂದು ಎದ್ದು ಬಂದಿದ್ದರೆ ಎಲ್ಲವೂ ತಣ್ಣಗಾಗುತ್ತಿತ್ತು. ಆದರೆ ತಿಳಿಯದ ಮುಖ ಕಂಡರೆ ಕವಿತ ಬಿಡುವ ಪೈಕಿಯಲ್ಲ.

“ಕೈ ತನ್ನಿ ಇಲ್ಲಿ,” ಎಂದಳು. “ಅಂಗೈಯ ಬಾಯಿಗ್ ಮುಂದ ಇಟ್ಕಳಿ. ಆಳು ಅನ್ನಿ. ಏನಾರ ತಾಗ್ತಾ?”

ಹೆಂಗಸರು ಹುಣಿಸೆ ಮೆತ್ತಿದ ಕೈಗಳನ್ನು ಬಾಯಿಯ ಮುಂದೆ ಹಿಡಿದು ಆಳು ಎಂದರು. ಏನೂ ತಾಗಲಿಲ್ಲ.

“ಈಗ ಉರಿಗ ಊದಂಗ ಊದಿ, ಹಾಳು ಅನ್ನಿ.”

“ಹ್ಹಾಳು,” ಎಂದಳು ಬೊಮ್ಮಮ್ಮ. ಕಣ್ಣರಳಿತು. “ಅಯ್ಯ, ಬೆಚ್ಗ ತಾಗ್ತದಲ್ಲ!”

“ಹ್ಹಾಳು, ಹ್ಹಾಳು,” ಎಂದಳು ವೆಂಕಟಮ್ಮ. ಎಲ್ಲರೂ ಅಂದರು, ಒಬ್ಬರ ಬಾಯಿಗೆ ಒಬ್ಬರು ಕೈ ಒಡ್ಡಿ ನೋಡಿದರು, ಬಿದ್ದು ಬಿದ್ದು ನಕ್ಕರು. ಕವಿತಳಿಗೆ ಬೇರೆ ಎಲ್ಲವೂ ಮರೆತುಹೋಯಿತು. ಇಷ್ಟು ಚೆನ್ನಾಗಿ ಪಾಠ ಹಿಡಿದ ಮಕ್ಕಳು ಅವಳಿಗೆ ತಾಳವಾಡಿಯಲ್ಲೂ ಸಿಕ್ಕಿರಲಿಲ್ಲ.

“ಗಾಳಿ ತಾಗ್ದಿದ್ರೆ ದುಡಿಯ ಆಳು,” ಎಂದಳು. “ಗಾಳಿ ತಾಗಿದ್ರೆ ಪಾಳು ಬಿದ್ದದ್ದು, ಯಾತಕ್ಕೂ ಬಾರ್ದೇ ಇರದು. ಈಗ ಗೊತ್ತಾಯ್ತಾ ಅವ್ರು ಯಾಕ ನಕ್ಕುದ್ದು ಅಂತ?”

ಗೊತ್ತಾಯಿತು. ನಗು ಒಂದೊಂದೇ ಬಾಯಿಂದ ಇಳಿಯಿತು. ತಾನು ಏನು ಮಾಡಿದೆ ಎಂದು ಕವಿತಳಿಗೆ ಆಗ ಹೊಳೆಯಿತು. ಗುರಿ ತಪ್ಪಿ ಬಿದ್ದಿದ್ದ ಕಲ್ಲನ್ನು ಹೆಕ್ಕಿ ತಂದು, ತನ್ನ ಕೈಯಾರೆ ತನ್ನವರ ಮೇಲೆ ಎಸೆದಿದ್ದಳು.

ಸಣ್ಣಮ್ಮ ಇನ್ನೂ ಅಂಗೈಯನ್ನು ಬಾಯಿಯ ಮುಂದೆಯೇ ಹಿಡಿದುಕೊಂಡಿದ್ದಳು.

“ಅಂಗಾರೆ,” ಎಂದಳು ನಿಧಾನಕ್ಕೆ, “ಇಷ್ಟ್ ವರ್ಸದಿಂದ ‘ಆಳ್ ಬಂದ್ವಾ, ಆಳ್ ಕರ್ಕಬಾ’ ಅಂತ ಕರೀತಿದ್ರಲ್ಲಮ್ಮಿ, ಅವಾಗ ಯಾವ್ದಂದ್ಕಂಡು ಕರೀತಿದ್ರು?”

ಬೊಮ್ಮಮ್ಮ ಹುಣಿಸೆಯ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು.

“ನಾಳಿಕ ನಾನೂ ಬತ್ತಿನಿ ಕಣ ಸಣ್ಣಿ,” ಎಂದಳು. “ಎಲ್ಲಾರೂ ಓಗವ.”

ಮಂಗಳವಾರ ಬೆಳಿಗ್ಗೆ ಗೂಡ್ಸ್ ಗಾಡಿಯಲ್ಲಿ ಹೆಂಗಸರ ಜೊತೆ ಕವಿತಳೂ ಹತ್ತಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ಕೂರಲು ಅವಳಿಗೆ ಆಗುತ್ತಿರಲಿಲ್ಲ, ಅಷ್ಟೇ. ಚೂಡಿದಾರದ ಜೇಬಿನಲ್ಲಿ ಫೋನಿತ್ತು. ಮೇಘ ಯಾವ ಗಳಿಗೆಯಲ್ಲಾದರೂ ಕರೆಯಬಹುದು. ಏನು ಹೇಳಬೇಕೆಂದು ಕವಿತಳಿಗೆ ಇನ್ನೂ ಗೊತ್ತಿರಲಿಲ್ಲ. ಒಪ್ಪಿಕೊಂಡರೆ ಈ ಗಾಡಿಯಲ್ಲಿ ಕೂತವರ ಮುಖ ನೋಡುವುದು ಹೇಗೆ? ಬಿಟ್ಟರೆ ಇಂಥ ಕರೆ ಇನ್ನೊಂದು ಬರುತ್ತದೆಯೇ? ಬರುವುದಿಲ್ಲ. ಅವಳಿಗೆ ಅದು ಖಾತ್ರಿಯಿತ್ತು.

ಪುಟ್ಟಬಸಪ್ಪನವರು ಬದುವಿನ ಮೇಲೆ ನಿಂತಿದ್ದರು. ಸ್ವಲ್ಪ ಆಚೆ ಪದ್ಮಶ್ರೀ ಕಾಫಿಯ ಕ್ಯಾನು ಹಿಡಿದು ನಿಂತಿದ್ದಳು. ಗಾಡಿ ನಿಂತೊಡನೆ ಪುಟ್ಟಬಸಪ್ಪನವರ ಮುಖ ಅರಳಿತು. ಆ ಹೊಸ ಆಟ ಅವರಿಗೆ ಇನ್ನೂ ಹಳತಾಗಿರಲಿಲ್ಲ.

“ಏನ್ರಮ್ಮಿ, ಹ್ಹಾಳುಗಳೆಲ್ಲಾ ಬಂದ್ರಾ?”

ಬೊಮ್ಮಮ್ಮ ಬದು ಹತ್ತಿ ಅವರ ಎದುರಿಗೆ ಹೋದಳು. ಅಂಗೈಯನ್ನು ಎತ್ತಿ ಅವರ ಬಾಯಿಯ ಮುಂದೆ ಹಿಡಿದಳು. ಆ ಕೈ ಆ ಮನೆಯವರ ಅಷ್ಟು ಹತ್ತಿರಕ್ಕೆ ಯಾವತ್ತೂ ಹೋಗಿರಲಿಲ್ಲ. ಬೊಗಸೆಗೆ ನೀರು ಹೊಯ್ಯುವಾಗಲೂ ಚೊಂಬು ಎತ್ತರದಲ್ಲೇ ಇರುತ್ತಿತ್ತು.

“ಏನಮ್ಮಿ ಇದು!” ಎಂದು ಪುಟ್ಟಬಸಪ್ಪನವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಬೊಮ್ಮಮ್ಮನ ಕೈಯೂ ಒಂದು ಹೆಜ್ಜೆ ಮುಂದೆ ಬಂತು. “ಏನಿಲ್ಲ ಬುದ್ಧಿ. ಈಗ ಅಂದ್ರಲ್ಲ, ಅದ ಇನ್ನೊಂದ್ ಕಿತ ಅನ್ನಿ. ಗಾಳಿ ತಾಗ್ತದಾ ಇಲ್ವಾ ನೋಡ್ಬೇಕು ನಾವು.”

ಪುಟ್ಟಬಸಪ್ಪನವರು ನಗಲು ನೋಡಿದರು. ನಗುವಿಗೆ ಜೊತೆ ಸಿಗಲಿಲ್ಲ. ಡ್ರೈವರು ಟೈರಿನ ಕಡೆ ನೋಡುತ್ತಿದ್ದ. ಪದ್ಮಶ್ರೀ ಕ್ಯಾನನ್ನು ಕೆಳಗಿಟ್ಟು, “ಅದೇನಂದ್ರಿ ಅಂತ ಏಳ್ಬುಡಿ ಮಾವಯ್ಯ,” ಎಂದಳು, ನೆಲ ನೋಡುತ್ತಾ. ಹೆಂಗಸರು ಒಬ್ಬರೂ ಹೊಲಕ್ಕೆ ಇಳಿಯಲಿಲ್ಲ. ಸಣ್ಣಮ್ಮ ಎಲ್ಲರಿಗಿಂತ ಮುಂದೆ ಬಂದು ನಿಂತಳು.

“ನಾ ಆಳು ಅಂದಿ ಕಣಮ್ಮಿ!” ಎಂದರು ಪುಟ್ಟಬಸಪ್ಪನವರು ಕೊನೆಗೆ. “ಆಳು! ಆಳೆಲ್ಲಾ ಬಂದ್ರಾ ಅಂದಿ. ಸಾಕಾ?”

ಬೊಮ್ಮಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. “ಗಾಳಿ ಬರ್ನಿಲ್ಲ,” ಎಂದು ಹಿಂದಿನವರಿಗೆ ಹೇಳಿದಳು. “ಇಳೀರಿ ಒಲಕ್ಕ.”

ಹೆಂಗಸರು ಸೀರೆ ಎತ್ತಿ ಕಟ್ಟಿ ಬೆಳ್ಳುಳ್ಳಿಯ ಸಾಲು ಹಿಡಿದರು. ಗೆದ್ದೆವು ಎಂಬ ಸಡಗರ ಯಾರಲ್ಲೂ ಇರಲಿಲ್ಲ. ನಾಳೆ ಫೋನು ಬರುತ್ತದೋ ಇಲ್ಲವೋ ಎಂಬ ದಿಗಿಲು ಎಲ್ಲರ ಬೆನ್ನ ಮೇಲೂ ಇತ್ತು. ಪುಟ್ಟಬಸಪ್ಪನವರ ಕಣ್ಣು ಗಾಡಿಯ ಪಕ್ಕದಲ್ಲಿದ್ದ ಕವಿತಳನ್ನು ಹುಡುಕಿ ಹಿಡಿಯಿತು.

“ಇದೆಲ್ಲಾ ನೀನೇ ಏಳ್ಕೊಟ್ಟುದ್ದಾ?”

ಇಲ್ಲ ಎನ್ನಬಹುದಿತ್ತು. ಒಂದು ಕ್ಷಣ ಎನ್ನಬೇಕೆಂದೂ ಬಂತು.

“ಊಂ,” ಎಂದಳು ಕವಿತ. “ನಾನೇಯ ಏಳ್ಕೊಟ್ಟುದ್ದು.”

“ಇನ್ನೊಂದ್ ಕಿತ ನಮ್ ಮಾಳ್ಗೆ ಅತ್ಬೇಡ,” ಎಂದರು ಅವರು, ಸಿಟ್ಟಿಗಿಂತ ಹೆಚ್ಚಾಗಿ ನೊಂದವರ ಹಾಗೆ, ಮತ್ತು ಬದುವಿನ ಗುಂಟ ಊರ ಕಡೆ ನಡೆದುಬಿಟ್ಟರು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗೆಟ್ಟವಾಡಿಯ ಸಿಗ್ನಲ್ಲಿಗೇನು, ಪೂರ್ತಿ ಗೆರೆಗಳಿದ್ದವು. ಕವಿತ ಜೇಬಿನಿಂದ ತೆಗೆದಳು. ಎತ್ತಿದಳು.

“ಗುಡ್ ಮಾರ್ನಿಂಗ್ ಮ್ಯಾಮ್!” ಎಂದಳು ಮೇಘ. “ಡಿಸೈನ್ ಟೀಮ್ ಆಗಲೇ ಪೋಸ್ಟರ್ ಮಾಡಿದಾರೆ. ಕ್ಯೂಟ್ ಆಗಿದೆ. ‘ಹಾಳು ಮೇಡಂ’ ಅಂತ ದೊಡ್ಡದಾಗಿ, ಕೆಳಗೆ ನಿಮ್ ಫೋಟೊ. ಫೈನಲ್ ಮಾಡ್ಲಾ?”

ಹೊಲದಲ್ಲಿ ಅವ್ವ ಬಾಗಿದ್ದಳು. ಕವಿತಳ ಕಣ್ಣಿಗೆ ಆ ಬೆನ್ನೊಂದೇ ಕಾಣುತ್ತಿತ್ತು. ಇಡೀ ವರ್ಷದ ಪಾಠ, ಊರೂರ ಮಕ್ಕಳು, ಹೆಸರಿನ ಪಕ್ಕದಲ್ಲಿ ‘ಗಣಿತ ಶಿಕ್ಷಕಿ’, ಎಲ್ಲವೂ ಈ ಕಡೆ ಫೋನಿನಲ್ಲಿತ್ತು. ಅವಳಿಗೆ ಅಳು ಬಂತು. ಬೇಕು ಎಂದು ಆಗಲೂ ಅನ್ನಿಸುತ್ತಿತ್ತು.

“ಆಗಲ್ಲ,” ಎಂದಳು.

“ಹಾಗಲ್ವಾ? ಓಕೆ ಓಕೆ, ಪರವಾಗಿಲ್ಲ ಮ್ಯಾಮ್,” ಎಂದಳು ಮೇಘ. ಬೆಟ್ಟದ ಹುಡುಗಿಯ ಮಾತಿಗೆ ಬಿದ್ದುಹೋದ ಹಕಾರವನ್ನು ತಾನೇ ಹಚ್ಚಿಕೊಂಡು ಕೇಳುವುದನ್ನು ಅವಳು ಇಷ್ಟರಲ್ಲಿ ರೂಢಿ ಮಾಡಿಕೊಂಡಿದ್ದಳು. “ಹಾಗಲ್ಲದಿದ್ರೆ ಮತ್ತೆ ಹೇಗೆ ಬೇಕು ಹೇಳಿ, ಚೇಂಜ್ ಮಾಡ್ಸೋಣ.”

ಕವಿತ ಮೂಗೊರೆಸಿಕೊಂಡಳು.

“ನೀವೇ ಒಂದು ಹ ಸೇರಿಸ್ಕೊಂಡ್ರಿ ಮೇಡಂ,” ಎಂದಳು. “ನಾನಂದಿದ್ದು ಆಗಲ್ಲ ಅಂತ.”